ಅಣ್ಣಾ, ಸರ್ವರ್ ಚಾಲೂ ಆತೇನ್ರಿ? ನಮ್ಮ ಗೇಮಿಂಗ್ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನಾರು ದಿನ ಆಯಿತು. ಶಟರ್ ಅರ್ಧ ಎತ್ತುವಷ್ಟರಲ್ಲೇ ಕೆಳಗಿಂದ ಯಾರೋ ಬಗ್ಗಿ ಕೇಳುತ್ತಾರೆ, "ಅಣ್ಣಾ, ಚಾಲೂ ಆತೇನ್ರಿ?"

ನನ್ನದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಸಣ್ಣ ಗೇಮಿಂಗ್ ಅಂಗಡಿ. ಟಿವಿಗೆ ಜೋಡಿಸಿ ಆಡುವ ಆರು ಕನ್ಸೋಲ್, ನಾಲ್ಕು ಕಂಪ್ಯೂಟರ್, ಒಂದು ಹಳೇ ಫ್ರಿಜ್. ನಮ್ಮ ಹುಡುಗರು ಅತಿ ಜಾಸ್ತಿ ಆಡುವ ಆನ್‌ಲೈನ್ ಆಟದ ನೆಟ್‌ವರ್ಕ್‌ಗೆ ಯಾರೋ ಕನ್ನ ಹಾಕಿದ್ದಾರೆ. ಕಂಪನಿ ಎಲ್ಲ ಸರ್ವರ್ ಬಂದ್ ಮಾಡಿ ಕೂತಿದೆ. ಹೆಸರು ಬರೆಯುವುದಿಲ್ಲ, ಆಡುವವರಿಗೆ ಗೊತ್ತೇ ಇದೆ. ಒಂದೇ ಮಾತನ್ನು ದಿನಕ್ಕೆ ನಲವತ್ತು ಸಲ ಹೇಳಿ ಗಂಟಲು ಕಟ್ಟಿದೆ. ಅದಕ್ಕೇ ಬರೆದಿಟ್ಟಿದ್ದೇನೆ. ಓದಿ, ಆಮೇಲೆ ಕೇಳಿ.

ಯಾವಾಗ ಚಾಲೂ ಆಗುತ್ತೆ?

ಕಂಪನಿ ತಾರೀಖು ಕೊಟ್ಟಿಲ್ಲ. "ಆದಷ್ಟು ಬೇಗ" ಅಂತ ಮೂರು ಸಲ ಹೇಳಿದೆ. ಯೂಟ್ಯೂಬಿನಲ್ಲಿ "ನಾಳೆ ರಾತ್ರಿ 12ಕ್ಕೆ ಪಕ್ಕಾ" ಅನ್ನುವವರನ್ನು ನಂಬಬೇಡಿ. ಅವರಿಗೆ ಬೇಕಾಗಿರುವುದು ವ್ಯೂಸ್.

ಇಂಥ ಬಂದ್ ಎಷ್ಟು ದಿನ ಎಳೆಯಬಹುದು ಅಂತ ಅಂದಾಜು ಬೇಕಿದ್ದರೆ ಸೋನಿ ಕಂಪನಿಯ ಆನ್‌ಲೈನ್ ಆಟದ ಜಾಲವಾದ ಪ್ಲೇಸ್ಟೇಷನ್ ನೆಟ್‌ವರ್ಕಿನ 2011ರ ಕಥೆ ಕೇಳಿ. ಆ ವರ್ಷ ಏಪ್ರಿಲ್ 17ರಿಂದ 19ರ ನಡುವೆ ಕಳ್ಳರು ಒಳಗೆ ಹೊಕ್ಕರು. 20ರಂದು ಸೋನಿ ತಾನಾಗಿಯೇ ಇಡೀ ನೆಟ್‌ವರ್ಕ್ ಬಂದ್ ಮಾಡಿತು. ಅಮೆರಿಕ, ಯುರೋಪಿನಲ್ಲಿ ಸೇವೆ ವಾಪಸ್ ಬರಲು ಶುರುವಾಗಿದ್ದು ಮೇ ಮಧ್ಯದಲ್ಲಿ, ಅಂದರೆ ಸುಮಾರು 23 ದಿನದ ಮೇಲೆ. ಅದೂ ಹಂತ ಹಂತವಾಗಿ. ಆನ್‌ಲೈನ್ ಸ್ಟೋರ್ ತೆರೆದಿದ್ದು ಜೂನ್‌ನಲ್ಲಿ. ಸೋನಿಯ ತವರು ಜಪಾನಿನವರಂತೂ ಪೂರ್ತಿ ಸೇವೆಗೆ ಜುಲೈ ತನಕ ಕಾದರು. ಹಾಗಾಗಿ ಹದಿನಾರು ದಿನ ಅನ್ನುವುದು ದಾಖಲೆ ಏನಲ್ಲ. ಇದರಿಂದ ನಿಮಗೆ ಸಮಾಧಾನ ಆಗುವುದಿಲ್ಲ, ಗೊತ್ತು.

ನಮ್ಮ ಮನೆ ವೈಫೈ ಕೆಟ್ಟಿರಬಹುದಾ?

ಇಲ್ಲ. ಬೇರೆ ಆಟ ಓಡುತ್ತಿದ್ದರೆ ವೈಫೈ ಸರಿ ಇದೆ. ರೂಟರ್ ಕಿತ್ತು ಮತ್ತೆ ಹಾಕಬೇಡಿ. ಆಟವನ್ನು ಡಿಲೀಟ್ ಮಾಡಿ ಮತ್ತೆ ಇಳಿಸಲೂ ಬೇಡಿ. 90 ಜಿಬಿ ಸುಮ್ನೆ ದಂಡ.

ಹ್ಯಾಕ್ ಆಗುವುದಕ್ಕೂ ಸರ್ವರ್ ಡೌನ್ ಆಗುವುದಕ್ಕೂ ಏನು ವ್ಯತ್ಯಾಸ?

ದುರ್ಗದ ಬೈಲಿನಲ್ಲಿ ನಿಮ್ಮದೊಂದು ಬಟ್ಟೆ ಅಂಗಡಿ ಇದೆ ಅಂದುಕೊಳ್ಳಿ. ಯಾರೋ ಐದು ನೂರು ಜನರನ್ನು ಕಳಿಸಿ ಬಾಗಿಲಲ್ಲಿ ನಿಲ್ಲಿಸಿದರು. ಅವರು ಏನೂ ಕೊಳ್ಳುವುದಿಲ್ಲ, ಕೊಳ್ಳುವವರನ್ನು ಒಳಗೂ ಬಿಡುವುದಿಲ್ಲ. ಇದು ಡಿಡಾಸ್ ದಾಳಿ, ಸುಳ್ಳು ಗಿರಾಕಿಗಳ ಗದ್ದಲಕ್ಕೆ ಸರ್ವರ್ ಡೌನ್. ಗದ್ದಲ ಕರಗಿದ ಮೇಲೆ ವ್ಯಾಪಾರ ಮೊದಲಿನಂತೆ. 2014ರ ಕ್ರಿಸ್‌ಮಸ್ ದಿನ ಲಿಜರ್ಡ್ ಸ್ಕ್ವಾಡ್ ಎಂಬ ಗುಂಪು ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್ ಎರಡಕ್ಕೂ ಮಾಡಿದ್ದು ಇದನ್ನೇ. ಹೊಸ ಕನ್ಸೋಲ್ ಉಡುಗೊರೆ ಸಿಕ್ಕ ಮಕ್ಕಳು ಹಬ್ಬದ ದಿನವೇ ಡಬ್ಬಿ ನೋಡುತ್ತಾ ಕೂತರು.

ಈಗಿನದು ಬೇರೆ. ರಾತ್ರಿ ಹಿಂದಿನ ಬಾಗಿಲು ಮುರಿದು ಒಳಗೆ ಬಂದಿದ್ದಾರೆ. ಗಲ್ಲಾ ಪೆಟ್ಟಿಗೆ ತೆಗೆದಿದ್ದಾರೆ, ಉದ್ರಿ ಪುಸ್ತಕದಲ್ಲಿದ್ದ ಗಿರಾಕಿಗಳ ಹೆಸರು, ವಿಳಾಸ ಎಲ್ಲ ಬರೆದುಕೊಂಡು ಹೋಗಿದ್ದಾರೆ. ಹೋಗುವಾಗ ಇನ್ನೊಂದು ಕೀಲಿ ಮಾಡಿಸಿಕೊಂಡು ಹೋದರಾ ಅನ್ನುವುದು ಮಾಲೀಕನಿಗೆ ಗೊತ್ತಿಲ್ಲ. ಬೆಳಿಗ್ಗೆ ಎದ್ದು ಶಟರ್ ಎತ್ತಿ ವ್ಯಾಪಾರ ಶುರು ಮಾಡಲು ಧೈರ್ಯ ಬರುತ್ತಾ?

ಇನ್ನೊಂದು ಮಾತು. ಇದು ಸರ್ಕಾರದ ಬ್ಯಾನ್ ಅಲ್ಲ. ಪಬ್‌ಜಿ ಮೊಬೈಲನ್ನು 2020ರ ಸೆಪ್ಟೆಂಬರ್ 2ರಂದು ಸರ್ಕಾರ ನಿಲ್ಲಿಸಿತ್ತು. ಆ ನೆನಪಿನಲ್ಲಿ ಕೆಲವರು, ಬೇರೆ ದೇಶದಿಂದ ಬಂದಂತೆ ತೋರಿಸುವ ವಿಪಿಎನ್ ಹಾಕಿ ನೋಡುತ್ತಿದ್ದಾರೆ. ಸರ್ವರೇ ಮಲಗಿರುವಾಗ ವಿಪಿಎನ್ ಏನು ಮಾಡೀತು?

ಅಷ್ಟು ದೊಡ್ಡ ಕಂಪನಿ, ಸರಿ ಮಾಡಲು ಇಷ್ಟು ದಿನ ಯಾಕೆ ಬೇಕು?

ಇದು ಸರಿಯಾದ ಪ್ರಶ್ನೆ. ಬೀಗ ಬದಲಿಸುವುದು ಒಂದು ದಿನದ ಕೆಲಸ. ಕಳ್ಳ ಯಾವ ಯಾವ ಖೋಲಿಗೆ ಹೋಗಿದ್ದ, ಏನು ಮುಟ್ಟಿದ, ಏನು ಬಿಟ್ಟು ಹೋದ ಅಂತ ಹುಡುಕುವುದಕ್ಕೇ ವಾರಗಳು ಹೋಗುತ್ತವೆ. ಒಂದೊಂದು ಸರ್ವರಿನ ಲಾಗ್, ಅಂದರೆ ಯಾರು ಯಾವಾಗ ಬಂದು ಏನು ಮಾಡಿದರು ಅನ್ನುವ ದಾಖಲೆ, ತೆಗೆದು ಸಾಲು ಸಾಲಾಗಿ ನೋಡಬೇಕು. ಬುದ್ಧಿವಂತ ಕಳ್ಳ ಲಾಗನ್ನೂ ಅಳಿಸಿರುತ್ತಾನೆ. ಬ್ಯಾಕಪ್ ಹಾಕೋಣ ಅಂದರೆ, ಬ್ಯಾಕಪ್ ತೆಗೆದ ದಿನಕ್ಕೆ ಕಳ್ಳ ಆಗಲೇ ಒಳಗೆ ಇದ್ದನಾ ಅನ್ನುವ ಅನುಮಾನ.

2011ರಲ್ಲಿ ಸೋನಿ ಹೊರಗಿನ ತನಿಖಾ ಕಂಪನಿಗಳನ್ನು ಕರೆಸಿತು. ವ್ಯವಸ್ಥೆಯನ್ನೇ ಬೇರೆ ಡೇಟಾ ಸೆಂಟರಿಗೆ ಸಾಗಿಸಿತು. ಹೊರಗಿನವರನ್ನು ತಡೆಯುವ ಫೈರ್‌ವಾಲ್ ಹೆಚ್ಚಿಸಿತು. ಭದ್ರತೆಗೆ ಅಂತಲೇ ಒಬ್ಬ ದೊಡ್ಡ ಅಧಿಕಾರಿಯ ಹುದ್ದೆ ಮಾಡಿತು. ಅಲ್ಲಿಯ ತನಕ ಆ ಹುದ್ದೆ ಇರಲಿಲ್ಲ ಅಂದರೆ ನಂಬುತ್ತೀರಾ? ಆ ವರ್ಷ ಇದರ ಖರ್ಚು ಸುಮಾರು 1,400 ಕೋಟಿ ಯೆನ್ ಆಗಬಹುದು ಎಂದು ಕಂಪನಿಯೇ ಲೆಕ್ಕ ಹಾಕಿತ್ತು.

ಇಷ್ಟೆಲ್ಲ ಮಾಡಿ ತೆರೆದರು. ತೆರೆದ ಮೂರ್ನಾಲ್ಕು ದಿನಕ್ಕೇ ಪಾಸ್‌ವರ್ಡ್ ಬದಲಿಸುವ ವೆಬ್ ಪುಟದಲ್ಲಿ ಇನ್ನೊಂದು ತೂತು ಸಿಕ್ಕಿತು. ಇಮೇಲ್ ಮತ್ತು ಹುಟ್ಟಿದ ತಾರೀಖು ಗೊತ್ತಿದ್ದರೆ ಬೇರೆಯವರ ಪಾಸ್‌ವರ್ಡ್ ಬದಲಿಸಬಹುದಿತ್ತು. ಆ ಎರಡೂ ಆಗಲೇ ಕಳ್ಳರ ಕೈಯಲ್ಲಿದ್ದವು! ಆ ಪುಟವನ್ನು ಮತ್ತೆ ಬಂದ್ ಮಾಡಿದರು. ಇದನ್ನು ಓದಿದ ಮೇಲೆ, "ತಡ ಆದರೂ ಆಗಲಿ, ಸರಿಯಾಗಿ ಮಾಡಲಿ" ಅನ್ನುವವರ ಗುಂಪಿಗೆ ನಾನೂ ಸೇರಿದೆ.

ನಾನು ಒಬ್ಬನೇ ಆಡುವ ಆಟ, ಡಿಸ್ಕ್ ನನ್ನ ಹತ್ತಿರವೇ ಇದೆ. ಅದೂ ಯಾಕೆ ತೆರೆಯುತ್ತಿಲ್ಲ?

ಆಟ ಶುರುವಾಗುವ ಮೊದಲು ಕಂಪನಿಯ ಸರ್ವರಿಗೆ "ಇವನು ಹಣ ಕೊಟ್ಟವನೇನಾ?" ಅಂತ ಕೇಳುತ್ತದೆ. ಉತ್ತರ ಹೇಳುವವರು ಇಲ್ಲ. ಹಾಗಾಗಿ ಬಾಗಿಲಲ್ಲೇ ನಿಲ್ಲುತ್ತದೆ. 2011ರಲ್ಲೂ ಕ್ಯಾಪ್‌ಕಾಮ್ ಎಂಬ ಆಟದ ಕಂಪನಿಯ ಒಂದೆರಡು ಆಟಗಳು ಹೀಗೇ ಸಿಕ್ಕಿಬಿದ್ದಿದ್ದವು. ಮನೆಯಲ್ಲಿ ಕೂತು ಒಬ್ಬರೇ ಆಡುವವರಿಗೂ ಲಾಗಿನ್ ಬೇಕಿತ್ತು. ನನ್ನ ಅಭಿಪ್ರಾಯ ಕೇಳಿದರೆ ಇದು ದಗಾ. ದುಡ್ಡು ಕೊಟ್ಟು ತಂದ ತಟ್ಟೆಯಲ್ಲಿ ಉಣ್ಣಲು ಅಂಗಡಿಯವನಿಗೆ ಫೋನ್ ಮಾಡಬೇಕು ಅಂದ ಹಾಗೆ.

ಎಲ್ಲ ಆಟಗಳೂ ಹೀಗಿಲ್ಲ. ಕನ್ಸೋಲ್ ಸೆಟ್ಟಿಂಗ್‌ನಲ್ಲಿ "ನನ್ನ ಮುಖ್ಯ ಕನ್ಸೋಲ್" ಅನ್ನುವಂಥ ಆಯ್ಕೆ ಇರುತ್ತದೆ. ಅದನ್ನು ಮೊದಲೇ ಮಾಡಿಟ್ಟವರಿಗೆ ಡೌನ್‌ಲೋಡ್ ಮಾಡಿದ ಬಹಳಷ್ಟು ಆಟಗಳು ನೆಟ್ ಇಲ್ಲದೆಯೂ ತೆರೆಯುತ್ತವೆ.

ಬರೇ ಆಟ ಬಂದ್ ಆಗಿದ್ದಕ್ಕೆ ಹುಡುಗರು ಇಷ್ಟು ಯಾಕೆ ಸಿಡುಕುತ್ತಾರೆ? ಒಳ್ಳೇದೇ ಆಯಿತಲ್ಲ?

ಇದು ಅಮ್ಮಂದಿರ ಪ್ರಶ್ನೆ. ಮೊನ್ನೆ ಒಬ್ಬ ತಾಯಿ ಅಂಗಡಿಗೇ ಬಂದು, "ಇನ್ನೊಂದು ತಿಂಗಳು ಹಿಂಗೇ ಇರಲಿ ಬಿಡ್ರಿ, ನಿಮಗೆ ಪುಣ್ಯ ಬರ್ತೈತಿ" ಅಂದರು. ನಾನು ನಕ್ಕೆ. ನನ್ನ ಬಾಡಿಗೆಯ ಬಗ್ಗೆ ಅವರಿಗೆ ಏನು ಗೊತ್ತು?

ಅಕ್ಕಾರ, ಒಂದು ಮಾತು ಹೇಳ್ತೀನಿ. ನೆಹರೂ ಮೈದಾನಕ್ಕೆ ಮೂರು ವಾರ ಬೀಗ ಹಾಕಿದರೆ ಕ್ರಿಕೆಟ್ ಆಡುವ ಹುಡುಗರು ಏನು ಮಾಡುತ್ತಾರೆ? ಗೇಟಿನ ಹತ್ತಿರ ಹೋಗಿ ಹೋಗಿ ನೋಡಿ ಬರುತ್ತಾರೆ. ಇಲ್ಲೂ ಅಷ್ಟೇ. ಆ ಆಟದಲ್ಲಿ ಆಡುವುದು ಅರ್ಧ, ಮಾತಾಡುವುದು ಅರ್ಧ. ಹೈಸ್ಕೂಲಿನಲ್ಲಿ ಜೊತೆಗೆ ಓದಿದ ಐದು ಹುಡುಗರಿದ್ದಾರೆ. ಈಗ ಒಬ್ಬ ಪುಣೆಯಲ್ಲಿ, ಇಬ್ಬರು ಬೆಂಗಳೂರಿನಲ್ಲಿ, ಒಬ್ಬ ಗದಗಿನಲ್ಲಿ ಅಪ್ಪನ ಅಂಗಡಿಯಲ್ಲಿ, ಉಳಿದವನು ಇಲ್ಲೇ. ರಾತ್ರಿ ಒಂಬತ್ತಕ್ಕೆ ಎಲ್ಲರೂ ಹೆಡ್‌ಫೋನ್ ಹಾಕಿದರೆ ಅದೇ ಅವರ ಕಟ್ಟೆ. ಕಟ್ಟೆಯೇ ಹೋಯಿತು.

ನವನಗರದ ಒಬ್ಬ ಹುಡುಗನಿದ್ದಾನೆ, ಡಿಪ್ಲೊಮಾ ಎರಡನೇ ವರ್ಷ. ಬಂದ್ ಆದಾಗಿನಿಂದ ದಿನಾ ಸಂಜೆ ಚಿಗರಿ ಬಸ್ ಹತ್ತಿ ಬರುತ್ತಾನೆ. ಮೂರನೇ ಸೀಟೇ ಬೇಕು. ಕಂಟ್ರೋಲರ್ ಕೈಗೆತ್ತಿಕೊಂಡು ಬಟನ್ ಒತ್ತುತ್ತಾನೆ. ಪರದೆಯ ಮೇಲೆ ಬಿಳೀ ಚಕ್ರ ತಿರುಗುತ್ತದೆ. ನಲವತ್ತು ಸೆಕೆಂಡ್ ತಿರುಗಿ, ಎರರ್ ನಂಬರ್ ಬರುತ್ತದೆ. ಅವನಿಗೆ ಆ ನಂಬರ್ ಬಾಯಿಪಾಠ ಆಗಿದೆ. ಇನ್ನೊಮ್ಮೆ ಒತ್ತುತ್ತಾನೆ. ಮೂರು ಸಲ ಆದ ಮೇಲೆ ಕಂಟ್ರೋಲರಿನ ವೈರ್ ಸುತ್ತಿ, ರಬ್ಬರ್ ಹಾಕಿ, ಇದ್ದ ಜಾಗಕ್ಕೇ ಇಡುತ್ತಾನೆ. ಎದುರಿನ ಗಾಡಿಯಲ್ಲಿ ಗಿರ್ಮಿಟ್ ತಿಂದು ಬಸ್ ಹತ್ತುತ್ತಾನೆ. "ಫೋನ್ ಮಾಡಿದ್ರ ಹೇಳ್ತಿದ್ನಲ್ಲೋ" ಅಂದೆ. "ಫೋನ್‌ನಾಗ ನೀವು ಇಲ್ಲಾ ಅಂತೀರಿ ಅಣ್ಣಾ" ಅಂದ. ಅವನ ಹತ್ತಿರ ಇವತ್ತಿಗೂ ದುಡ್ಡು ತಗೊಂಡಿಲ್ಲ.

ಹುಡುಗರ ಸಿಟ್ಟು ಆಟ ನಿಂತಿದ್ದಕ್ಕಿಂತ ಜಾಸ್ತಿ, ಯಾರೂ ಏನೂ ಹೇಳದೇ ಇರುವುದಕ್ಕೆ. ನಾವು ಹುಬ್ಬಳ್ಳಿಯವರು, ಕಾಯುವುದು ನಮಗೆ ಹೊಸದಲ್ಲ. ಎಂಟು ದಿನಕ್ಕೊಮ್ಮೆ ನಳ ಬರುವ ಓಣಿಗಳನ್ನು ಕಂಡವರು. ನಳ ಸೋಮವಾರ ಬರುತ್ತದೆ ಅಂತ ಗೊತ್ತಿದ್ದರೆ ಮನೆಯವರು ಕೊಡ, ಬ್ಯಾರಲ್, ಸಿಂಟೆಕ್ಸ್ ಎಲ್ಲ ಲೆಕ್ಕ ಹಾಕಿ ಎಂಟೂ ದಿನ ತೂಗಿಸುತ್ತಾರೆ. ಜಗಳ ಆಗುವುದು ಯಾವತ್ತು ಬರುತ್ತದೆ ಅಂತ ಯಾರೂ ಹೇಳದಿದ್ದಾಗ. ಆಗ ಎರಡನೇ ದಿನಕ್ಕೇ ಕೊಡ ಹಿಡಿದು ರಸ್ತೆಗೆ ಇಳಿಯುತ್ತಾರೆ.

2011ರಲ್ಲೂ ಜನ ರೊಚ್ಚಿಗೆದ್ದಿದ್ದು ಇದಕ್ಕೇ. ನೆಟ್‌ವರ್ಕ್ ನಿಂತಿದ್ದು ಏಪ್ರಿಲ್ 20ಕ್ಕೆ. ನಿಮ್ಮ ಹೆಸರು, ವಿಳಾಸ, ಹುಟ್ಟಿದ ತಾರೀಖು, ಪಾಸ್‌ವರ್ಡ್ ಹೋಗಿರಬಹುದು ಅಂತ ಸೋನಿ ಬಾಯಿ ಬಿಟ್ಟಿದ್ದು 26ಕ್ಕೆ. 7.7 ಕೋಟಿ ಅಕೌಂಟುಗಳ ವಿಷಯ ಅದು. ಮೇ 1ರಂದು ಟೋಕಿಯೊದಲ್ಲಿ ಸೋನಿಯ ದೊಡ್ಡ ಅಧಿಕಾರಿ ಕಾಜ್ ಹಿರಾಯಿ ಮತ್ತು ಇನ್ನಿಬ್ಬರು ಅಧಿಕಾರಿಗಳು ಎದ್ದು ನಿಂತು, ತಲೆ ಬಗ್ಗಿಸಿ ಕ್ಷಮೆ ಕೇಳಿದರು. ಆ ಫೋಟೋ ಲೋಕವೆಲ್ಲ ಓಡಾಡಿತು. ಮರುದಿನವೇ, ಕಂಪನಿಯ ಇನ್ನೊಂದು ಗೇಮಿಂಗ್ ವಿಭಾಗದಲ್ಲಿ ಮತ್ತೆ 2.46 ಕೋಟಿ ಅಕೌಂಟುಗಳ ಮಾಹಿತಿ ಹೋಗಿರಬಹುದು ಎಂಬ ಸುದ್ದಿ ಬಂತು.

ನನ್ನ ಪಾಸ್‌ವರ್ಡ್ ಕಳ್ಳರಿಗೆ ಸಿಕ್ಕಿದೆಯಾ?

ಸಿಕ್ಕಿದೆ ಅಂತಲೇ ತಿಳಿದು ನಡೆಯಿರಿ.

"ಪಾಸ್‌ವರ್ಡ್ ಹ್ಯಾಶ್ ರೂಪದಲ್ಲಿತ್ತು, ಭಯ ಬೇಡ" ಅಂತ ಕಂಪನಿಗಳು ಹೇಳುತ್ತವೆ. ಹ್ಯಾಶ್ ಅಂದರೆ ಏನು? ಶೇಂಗಾ ಹಿಂಡಿ ಕುಟ್ಟಿದ ಹಾಗೆ. ಶೇಂಗಾ, ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಮೇಲೆ ಪುಡಿಯಿಂದ ಮತ್ತೆ ಶೇಂಗಾ ಕಾಳು ಆರಿಸಲು ಆಗುವುದಿಲ್ಲ. ಕಂಪನಿ ಇಟ್ಟುಕೊಳ್ಳುವುದು ಪುಡಿ ಮಾತ್ರ. ನೀವು ಪಾಸ್‌ವರ್ಡ್ ಕೊಟ್ಟಾಗ ಅದನ್ನೂ ಕುಟ್ಟಿ, ಎರಡೂ ಪುಡಿ ಒಂದೇನಾ ಅಂತ ನೋಡುತ್ತದೆ.

ಆದರೆ ಕಳ್ಳನಿಗೂ ಒಳಕಲ್ಲು ಇದೆ. ಅವನು ಮನೆಯಲ್ಲಿ ಕೂತು "123456" ಕುಟ್ಟುತ್ತಾನೆ, ನಿಮ್ಮ ಹೆಸರಿನ ಮುಂದೆ ಹುಟ್ಟಿದ ವರ್ಷ ಸೇರಿಸಿ ಕುಟ್ಟುತ್ತಾನೆ, ಪುಡಿ ತಾಳೆ ನೋಡುತ್ತಾನೆ. ಸೆಕೆಂಡಿಗೆ ಕೋಟಿಗಟ್ಟಲೆ ಕುಟ್ಟುವ ಯಂತ್ರಗಳಿವೆ. ಸಣ್ಣ, ಎಲ್ಲರೂ ಇಡುವಂಥ ಪಾಸ್‌ವರ್ಡ್ ಮಧ್ಯಾಹ್ನದ ಊಟದೊಳಗೆ ಸಿಗುತ್ತದೆ. ಉದ್ದದ್ದು, ಅಡ್ಡಾದಿಡ್ಡಿ ಇದ್ದದ್ದು ಸಿಗುವುದಿಲ್ಲ. ಎನ್‌ಕ್ರಿಪ್ಷನ್ ಬೇರೆ. ಅದು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ ಹಾಗೆ, ಕೀಲಿ ಸಿಕ್ಕರೆ ಸಾಮಾನು ಇದ್ದಂತೆಯೇ ಹೊರಗೆ. 2011ರಲ್ಲಿ ಪಾಸ್‌ವರ್ಡುಗಳು ಹ್ಯಾಶ್ ಆಗಿದ್ದವು, ಕಾರ್ಡ್ ನಂಬರುಗಳು ಎನ್‌ಕ್ರಿಪ್ಟ್ ಆಗಿದ್ದವು ಅಂತ ಸೋನಿ ಹೇಳಿತ್ತು.

ಆಟದ ಅಕೌಂಟ್ ಹೋದರೆ ಹೋಯಿತು. ನಿಮ್ಮ ಜಿಮೇಲಿಗೂ ಅದೇ ಪಾಸ್‌ವರ್ಡ್ ಇದೆಯಲ್ಲ, ಅದು ನನ್ನ ಚಿಂತೆ. ಅಂಗಡಿಯಲ್ಲಿ ಕೇಳಿದೆ, ಹನ್ನೊಂದು ಹುಡುಗರಲ್ಲಿ ಒಂಬತ್ತು ಜನರದ್ದು ಎಲ್ಲ ಕಡೆ ಒಂದೇ. ಇವತ್ತೇ ಜಿಮೇಲ್ ಪಾಸ್‌ವರ್ಡ್ ಬದಲಿಸಿ, ಆಮೇಲೆ ಇನ್‌ಸ್ಟಾಗ್ರಾಮ್. ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಅಂಕಿಯನ್ನೂ ಕೇಳುವ ಎರಡು ಹಂತದ ಲಾಗಿನ್ ಹಾಕಿ. ಆಟದ ಕಂಪನಿಗಳು ಇದನ್ನು ಕೊಡಲು ಬಹಳ ತಡ ಮಾಡಿದವು. ಅಷ್ಟು ದೊಡ್ಡ ಪೆಟ್ಟು ತಿಂದ ಪ್ಲೇಸ್ಟೇಷನ್ ನೆಟ್‌ವರ್ಕಿಗೂ ಎರಡು ಹಂತದ ಲಾಗಿನ್ ಬಂದದ್ದು 2016ರಲ್ಲಿ.

ಅಪ್ಪನ ಕಾರ್ಡ್ ಹಾಕಿದ್ದೆ. ಅಪ್ಪನಿಗೆ ಹೇಳಬೇಕಾ?

ಹೇಳಬೇಕು. ಬೈಸಿಕೊಳ್ಳಬೇಕು. ಬೇರೆ ದಾರಿ ಇಲ್ಲ.

ಸ್ವಲ್ಪ ಧೈರ್ಯದ ಮಾತೂ ಇದೆ. 2022ರ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲಿ ವ್ಯಾಪಾರಿಗಳು ಕಾರ್ಡಿನ ಪೂರ್ತಿ ನಂಬರ್ ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಒಂದು ಟೋಕನ್ ಇರುತ್ತದೆ, ಅದು ಕದ್ದರೂ ಬೇರೆ ಕಡೆ ನಡೆಯುವುದಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ಹೊರದೇಶದ ಸ್ಟೋರಿನಲ್ಲಿ ಅಕೌಂಟ್ ಮಾಡಿ, ಹೊರದೇಶದಲ್ಲೂ ನಡೆಯುವ ಕಾರ್ಡ್ ಹಾಕಿದವರು ಆ ಕಾರ್ಡನ್ನು ಬ್ಯಾಂಕಿನ ಆ್ಯಪಿನಲ್ಲಿ ಬಂದ್ ಮಾಡಿಡಿ. ನಿಮ್ಮದಲ್ಲದ ವಹಿವಾಟು ಕಂಡರೆ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿ. ತಪ್ಪು ನಿಮ್ಮದಲ್ಲದಿದ್ದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

"ಅಕೌಂಟ್ ಉಳಿಸಿಕೊಳ್ಳಲು ಇಲ್ಲಿ ಒತ್ತಿ" ಅಂತ ವಾಟ್ಸಾಪಿನಲ್ಲಿ ಲಿಂಕ್ ಬಂದಿದೆ. ಒತ್ತಲಾ?

ಬೇಡ. ಬೇಡ. ಬೇಡ.

ಬಂದ್ ಆದ ಐದನೇ ದಿನಕ್ಕೆ ಹತ್ತನೇ ತರಗತಿಯ ಹುಡುಗನೊಬ್ಬ ನನ್ನ ಕೌಂಟರಿನ ಮುಂದೆಯೇ ನಿಂತು ಒತ್ತಿದ. ಕಂಪನಿಯ ಲೋಗೊ, ಅದೇ ನೀಲಿ ಬಣ್ಣ, ಎಲ್ಲ ಪಕ್ಕಾ. ಕೆಳಗೆ "ಪರಿಹಾರವಾಗಿ 5,000 ಕಾಯಿನ್" ಅಂತ. ಇಮೇಲ್ ಹಾಕಿದ, ಪಾಸ್‌ವರ್ಡ್ ಹಾಕಿದ, ಫೋನ್ ಕುಂಯ್ ಅಂದು ಓಟಿಪಿ ಬಂತು. ನಾಲ್ಕು ಅಂಕಿ ಒತ್ತಿದ್ದ, ಇನ್ನೆರಡು ಬಾಕಿ. ಪಕ್ಕದಲ್ಲಿದ್ದವನು ಫೋನ್ ಕಸಿದುಕೊಂಡ. ಇಬ್ಬರಿಗೂ ಜಗಳ. ಸರ್ವರೇ ಇಲ್ಲದಿರುವಾಗ ಲಾಗಿನ್ ಹೇಗೆ ಕೇಳುತ್ತದೆ ಅಂತ ಒತ್ತಿದವನಿಗೆ ಆಮೇಲೆ ಹೊಳೆಯಿತು. ಆ ಓಟಿಪಿ ಅವನ ಜಿಮೇಲಿನದು, ಅಂದರೆ ಕಳ್ಳ ಜಿಮೇಲಿಗೇ ನುಗ್ಗುತ್ತಿದ್ದ.

ದುಡ್ಡು ವಾಪಸ್ ಸಿಗುತ್ತಾ? ಸೀಸನ್ ಪಾಸ್ ದಿನಗಳು ಸುಮ್ನೆ ಹೋಗ್ತಿವೆ.

ಸಾಮಾನ್ಯವಾಗಿ ನಗದು ಕೊಡುವುದಿಲ್ಲ, ದಿನ ಕೊಡುತ್ತಾರೆ, ಇಲ್ಲವೇ ಆಟ ಕೊಡುತ್ತಾರೆ. 2011ರಲ್ಲಿ ಪ್ಲೇಸ್ಟೇಷನ್ 3 (ಪಿಎಸ್3) ಇದ್ದವರಿಗೆ ಐದು ಆಟಗಳ ಪಟ್ಟಿಯಿಂದ ಎರಡು ಪುಕ್ಕಟೆ, ಜೊತೆಗೆ ಪ್ಲೇಸ್ಟೇಷನ್ ಪ್ಲಸ್ ಅನ್ನುವ ದುಡ್ಡಿನ ಸದಸ್ಯತ್ವ 30 ದಿನ ಸಿಕ್ಕಿತು. 2025ರ ಫೆಬ್ರವರಿಯಲ್ಲಿ ಅದೇ ನೆಟ್‌ವರ್ಕ್ ಹತ್ತಿರ ಹತ್ತಿರ ಒಂದು ದಿನ ನಿಂತಿತ್ತು. ಆಗ ಪ್ಲಸ್ ಸದಸ್ಯರಿಗೆ ಐದು ದಿನ ಸೇರಿಸಿದರು. ಆ ಬಂದ್‌ಗೆ ಕಾರಣ ಹ್ಯಾಕ್ ಅಲ್ಲ, ಕಾರ್ಯಾಚರಣೆಯ ಸಮಸ್ಯೆ ಅಂತ ಅಷ್ಟೇ ಹೇಳಿದರು.

ಸರ್ಕಾರಗಳು ಹಾಕುವ ದಂಡ ಆಡುವವರ ಜೇಬಿಗೆ ಬರುವುದಿಲ್ಲ. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2013ರ ಜನವರಿಯಲ್ಲಿ ಸೋನಿಗೆ 2.5 ಲಕ್ಷ ಪೌಂಡ್ ದಂಡ ಹಾಕಿತು. 7.7 ಕೋಟಿ ಅಕೌಂಟುಗಳ ಮುಂದೆ ಅದು ಚಹಾ ಖರ್ಚು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಮಾಹಿತಿಯನ್ನು ಸರಿಯಾಗಿ ಕಾಯದಿದ್ದರೆ 250 ಕೋಟಿ ರೂಪಾಯಿ ತನಕ ದಂಡ ಇದೆ. ಕಳವಾಗಿದ್ದನ್ನು ಜನರಿಗೆ ತಿಳಿಸದೇ ಮುಚ್ಚಿಟ್ಟರೂ 200 ಕೋಟಿ ತನಕ. ಈ ಎರಡನೆಯದು ನನಗೆ ಜಾಸ್ತಿ ಖುಷಿ ಕೊಟ್ಟಿತು.

ಪಾಸಿನ ರಸೀದಿ, ಇಮೇಲ್, ಎರರ್ ಬಂದ ಪರದೆಯ ಫೋಟೋ ತಾರೀಖು ಸಮೇತ ಇಟ್ಟುಕೊಳ್ಳಿ. ಮೊದಲು ಕಂಪನಿಗೆ ಬರೆಯಿರಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಮುಂದೆ ಹೋಗುವವರಿಗೆ ಧಾರವಾಡದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. 799 ರೂಪಾಯಿಯ ಪಾಸಿಗೆ ಅಷ್ಟು ಓಡಾಡುತ್ತೀರಾ ಅನ್ನುವುದು ನಿಮಗೆ ಬಿಟ್ಟಿದ್ದು.

ನಮ್ಮ ಅಂಗಡಿಯ ತಿಂಗಳ ಪಾಸ್ ಇದ್ದವರಿಗೆ ಬಂದ್ ಇದ್ದಷ್ಟೂ ದಿನ ಮುಂದೆ ಸೇರಿಸುತ್ತೇನೆ. ಕೇಳಬೇಕಾಗಿಲ್ಲ, ಪುಸ್ತಕದಲ್ಲಿ ಬರೆದಿದ್ದೇನೆ.

ಆನ್‌ಲೈನ್ ಆಟ ಅಂದರೆ ಸರ್ಕಾರವೇ ನಿಲ್ಲಿಸಿದೆ ಅಂತ ಪೇಪರಿನಲ್ಲಿ ಓದಿದ್ದೆ?

ಕಾಕಾ, ಅದು ದುಡ್ಡು ಕಟ್ಟಿ ಆಡುವ ರಮ್ಮಿಯಂಥವು, 2025ರ ಆಗಸ್ಟಿನ ಕಾಯ್ದೆ. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಅನ್ನು, ಅಂದರೆ ವಿಡಿಯೊ ಗೇಮ್ ಪಂದ್ಯಗಳನ್ನು, ಆಟ ಅಂತ ಒಪ್ಪಿದೆ. ನಮ್ಮಲ್ಲಿ ದುಡ್ಡು ಕಟ್ಟಿ ಆಡುವುದು ಇಲ್ಲ, ಮೊದಲೂ ಇರಲಿಲ್ಲ.

ಹ್ಯಾಕರ್ ಅಂದರೆ ಹುಷಾರ್ ಮನುಷ್ಯ ಅಲ್ವಾ? ಕಂಪನಿಗೆ ಬುದ್ಧಿ ಕಲಿಸಿದ.

2011ರಲ್ಲೂ ಹೀಗೆ ಹೇಳಿದವರಿದ್ದರು. ಪಿಎಸ್3ರ ಬೀಗ ಒಡೆದ ಜಾರ್ಜ್ ಹಾಟ್ಜ್ ಮೇಲೆ ಸೋನಿ ಆ ವರ್ಷ ಜನವರಿಯಲ್ಲಿ ಕೇಸು ಹಾಕಿತ್ತು. ಅನಾನಿಮಸ್ ಎಂಬ ಹ್ಯಾಕರ್ ಗುಂಪು ಸಿಟ್ಟಾಗಿ ಏಪ್ರಿಲ್ ಮೊದಲಲ್ಲಿ ಸೋನಿಯ ಸೈಟುಗಳ ಮೇಲೆ ದಾಳಿ ಮಾಡಿತ್ತು. ಆದರೆ ಈ ಕಳ್ಳತನ ನಮ್ಮದಲ್ಲ ಅಂತ ಆ ಗುಂಪೇ ಹೇಳಿತು. ತನ್ನ ಯಂತ್ರವನ್ನು ತಾನೇ ಬಿಚ್ಚಿ ನೋಡುವವನು ಬೇರೆ, ಊರವರ ಹೆಸರು ವಿಳಾಸ ಕದಿಯುವವನು ಬೇರೆ. ಕಂಪನಿಗೆ ಬುದ್ಧಿ ಬಂತೋ ಇಲ್ಲವೋ, ನವನಗರದ ಹುಡುಗನ ಬಸ್ ಚಾರ್ಜ್ ಹೋಯಿತು.

ಅಲ್ಲಿಯ ತನಕ ಏನು ಆಡುವುದು?

ಟೆಕ್ಕೆನ್ ಇದೆ. ಫುಟ್‌ಬಾಲ್ ಇದೆ, ಒಂದೇ ಟಿವಿಯಲ್ಲಿ ನಾಲ್ಕು ಜನ. ಕಂಪ್ಯೂಟರ್ ನಾಲ್ಕನ್ನೂ ಲ್ಯಾನಿನಲ್ಲಿ, ಅಂದರೆ ಅಂಗಡಿಯೊಳಗಿನ ಜಾಲದಲ್ಲೇ, ಸೇರಿಸಿ ಕೌಂಟರ್ ಸ್ಟ್ರೈಕ್ ಹಾಕಿದ್ದೇನೆ, ಅದಕ್ಕೆ ಹೊರಗಿನ ಸರ್ವರ್ ಬೇಡ. ಒಂದು ತಮಾಷೆ ಏನೆಂದರೆ, ಎರಡು ವರ್ಷದಿಂದ ಹೆಡ್‌ಫೋನ್ ಹಾಕಿ ಬೆನ್ನು ತಿರುಗಿಸಿ ಕೂರುತ್ತಿದ್ದ ಹುಡುಗರಿಗೆ ಈಗ ಒಬ್ಬರ ಹೆಸರು ಒಬ್ಬರಿಗೆ ಗೊತ್ತಾಗಿದೆ. ಗದ್ದಲವೂ ಜಾಸ್ತಿ. ಮೇಲಿನ ಮನೆಯ ಅಜ್ಜ ಎರಡು ಸಲ ಇಳಿದು ಬಂದಿದ್ದಾರೆ, ದಯವಿಟ್ಟು ಮೆಲ್ಲಗೆ.

ಚಾಲೂ ಆದ ದಿನ ಮೊದಲು ಏನು ಮಾಡಬೇಕು?

ಎಲ್ಲರೂ ಒಮ್ಮೆಲೇ ನುಗ್ಗುತ್ತಾರೆ, ಮೊದಲ ಕೆಲವು ತಾಸು ಲಾಗಿನ್ ಆಗದೇ ಇರಬಹುದು. ಅದನ್ನು ನೋಡಿ "ಮತ್ತೆ ಹ್ಯಾಕ್" ಅಂತ ಸ್ಟೇಟಸ್ ಹಾಕಬೇಡಿ. ದೊಡ್ಡ ಅಪ್‌ಡೇಟ್ ಬರುವುದು ಖಂಡಿತ. 2011ರಲ್ಲೂ ಮೊದಲು ಅಪ್‌ಡೇಟ್, ಆಮೇಲೆ ಪಾಸ್‌ವರ್ಡ್ ಬದಲಾವಣೆ, ಅದಾದ ಮೇಲೇ ಆಟ. ಅಂಗಡಿಯ ಆರೂ ಕನ್ಸೋಲಿಗೆ ರಾತ್ರಿಯೇ ಅಪ್‌ಡೇಟ್ ಹಾಕಿ ಮಲಗುತ್ತೇನೆ. ಹೊಸ ಪಾಸ್‌ವರ್ಡನ್ನು ನಿಮ್ಮ ಫೋನಿನಲ್ಲೇ ಮಾಡಿಕೊಂಡು ಬನ್ನಿ, ನನ್ನ ಕಂಪ್ಯೂಟರಿನಲ್ಲಿ ಬೇಡ, ಕೌಂಟರಿನ ಮೇಲಿನ ಪುಸ್ತಕದಲ್ಲಿ ಬರೆದಿಡುವುದಂತೂ ಬೇಡವೇ ಬೇಡ.

ಬೆಳಿಗ್ಗೆ ಎಂಟಕ್ಕೇ ತೆರೆಯುತ್ತೇನೆ. ಮೂರನೇ ಸೀಟು ಮಾತ್ರ ಯಾರೂ ಕೇಳಬೇಡಿ. ನವನಗರದ ಬಸ್ ಬರುವ ತನಕ ಅದು ಖಾಲಿ ಇರುತ್ತದೆ.